ಇಲ್ಲದ ಗೇರು ಹಾಕುತ್ತಿದ್ದವರು

ಅವರು ತೀರಿಕೊಂಡ ಮೇಲೆ ಮನೆಯವರು ಒಂದು ಒಳ್ಳೆಯ ಫೋಟೊ ಹುಡುಕಿದರು. ಕಟ್ಟು ಹಾಕಿಸಿ ಹಾರ ಹಾಕಬೇಕಿತ್ತು. ಅಲ್ಮೇರಾದಲ್ಲಿ ಫೋಟೊಗಳಿಗೆ ಬರವಿರಲಿಲ್ಲ. ಆದರೆ ಒಂದೊಂದರಲ್ಲೂ ಸ್ಕೂಟರ್ ಇತ್ತು. ಮೊಮ್ಮಗಳ ನಾಮಕರಣದ ಫೋಟೊದಲ್ಲಿ ಕೂಡ ತೊಟ್ಟಿಲ ಹಿಂದಿನ ಕಿಟಕಿಯಾಚೆ ಅದರ ಮೂತಿ ಕಾಣುತ್ತಿತ್ತು. ಕೊನೆಗೆ ಸ್ಟುಡಿಯೋದವನಿಗೆ ಹೇಳಿ, ಸ್ಕೂಟರನ್ನು ಕತ್ತರಿಸಿ, ಸೊಂಟದಿಂದ ಮೇಲಿನ ಭಾಗ ಮಾತ್ರ ಉಳಿಸಿ ದೊಡ್ಡದು ಮಾಡಿಸಿದರು.

ಶಿವಗಣಾರಾಧನೆಯ ದಿನ ಅದನ್ನು ಕುರ್ಚಿಯ ಮೇಲೆ ಇಟ್ಟಿದ್ದರು. ಬಂದವರೆಲ್ಲ ಕೈಮುಗಿದು, ಆಮೇಲೆ ಕಟ್ಟನ್ನು ಒಂದಿಷ್ಟು ಸರಿಮಾಡಿ ಹೋಗುತ್ತಿದ್ದರು. ನಾನೂ ಮಾಡಿದೆ. ಸಾಲು ಸೊಟ್ಟಗಿದ್ದರೆ ಸಹಿಸದ ಡ್ರಿಲ್ ಮೇಷ್ಟ್ರು ನಾನು; ಗೋಡೆಯ ಕ್ಯಾಲೆಂಡರ್ ಓರೆಯಾಗಿದ್ದರೆ ಆ ಮನೆಯಲ್ಲಿ ಕಾಫಿ ಗಂಟಲಿಗಿಳಿಯುವುದಿಲ್ಲ. ಆದರೆ ಇದು ಬಗ್ಗಲಿಲ್ಲ. ಕಟ್ಟು ನೆಟ್ಟಗಾದರೆ ಅವರು ವಾಲುತ್ತಿದ್ದರು. ಅವರನ್ನು ನೆಟ್ಟಗೆ ಮಾಡಿದರೆ ಕಟ್ಟು ವಾಲುತ್ತಿತ್ತು.

"ಬುಡಿ ಮೇಷ್ಟ್ರೇ, ಅವರು ಇದ್ದಿದ್ದೇ ಅಂಗೆ" ಎಂದರು ಅವರ ಹೆಂಡತಿ.

ನಿಜ. ಅವರು ಇದ್ದದ್ದೇ ಹಾಗೆ, ಎಡಕ್ಕೆ ವಾಲಿಕೊಂಡು. ಹಳೆಯ ಕಾಲದ ಗೇರಿನ ಸ್ಕೂಟರ್ ಓಡಿಸಿದವರಿಗೆ ಕಾರಣ ಗೊತ್ತು. ಅದರ ಎಂಜಿನ್ ಬಲಪಕ್ಕದಲ್ಲಿ. ಗಾಡಿ ಬಲಕ್ಕೆ ಎಳೆಯುತ್ತದೆ. ಸವಾರ ಗೊತ್ತಿಲ್ಲದೆಯೇ ಎಡಕ್ಕೆ ವಾಲಿ ಸರಿದೂಗಿಸುತ್ತಾನೆ. ಅರ್ಧ ಆಯಸ್ಸು ಹಾಗೆ ಕೂತವರು ಗಾಡಿಯಿಂದ ಇಳಿದ ಮೇಲೂ ಸರಿದೂಗಿಸುತ್ತಲೇ ಇದ್ದರು. ಮದುವೆ ಊಟದ ಪಂಕ್ತಿಯಲ್ಲಿ ಅವರ ಎಡಕ್ಕೆ ಕೂತವರಿಗೆ ಹೋಳಿಗೆ ನೆಮ್ಮದಿಯಾಗಿ ತಿನ್ನಲು ಆಗುತ್ತಿರಲಿಲ್ಲ.

ಹುಣಸೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಊದುಬತ್ತಿ, ಕರ್ಪೂರದ ಸಗಟು ವ್ಯಾಪಾರ. ಸ್ಕೂಟರಿನ ಹಿಂದೆ ಮುಂದೆ ಪೆಟ್ಟಿಗೆ ಕಟ್ಟಿಕೊಂಡು ಪಿರಿಯಾಪಟ್ಟಣ, ಕಂಪಲಾಪುರ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ಅಂಗಡಿ ಅಂಗಡಿಗೂ ಹಾಕಿ ಬರುತ್ತಿದ್ದರು. ಅವರು ಹಾದುಹೋದ ರಸ್ತೆಯಲ್ಲಿ ಸ್ವಲ್ಪ ಹೊತ್ತು ಗರ್ಭಗುಡಿಯ ವಾಸನೆ ನಿಂತಿರುತ್ತಿತ್ತು. ಅದರ ಜೊತೆಗೆ ಎರಡಾಣೆಯಷ್ಟು ಪೆಟ್ರೋಲ್ ಹೊಗೆಯೂ ಇರುತ್ತಿತ್ತು. ಊರಿನವರು ಅವರನ್ನು 'ಕಂಪನಿಯವರು' ಎನ್ನುತ್ತಿದ್ದರು. ಊದುಬತ್ತಿ ಕಂಪನಿ ಅಂತ ಹೊಸಬರು ತಿಳಿದುಕೊಳ್ಳುತ್ತಿದ್ದರು. ಅಲ್ಲ. ಸ್ಕೂಟರ್ ಕಂಪನಿ. ಅದರಲ್ಲಿ ಅವರು ಒಂದು ದಿನವೂ ಕೆಲಸ ಮಾಡಿದವರಲ್ಲ, ಅದರ ಕಾರ್ಖಾನೆಯ ಗೇಟನ್ನೂ ಕಂಡವರಲ್ಲ. ಆದರೂ ಆ ಕಂಪನಿಯ ಚರಿತ್ರೆ ಅವರಿಗೆ ತಮ್ಮ ಮನೆತನದ ವಂಶಾವಳಿಗಿಂತ ಚೆನ್ನಾಗಿ ಬರುತ್ತಿತ್ತು.

"ಮೊದ್ಲು ಅವರು ಸ್ಕೂಟರೇ ಮಾಡ್ತಿರಲಿಲ್ಲ ಕಣ್ರೀ ಮೇಷ್ಟ್ರೇ" ಎಂದು ಶುರುಮಾಡುತ್ತಿದ್ದರು. "ಬಿಡಿ ಸಾಮಾನು ಹಡಗಲ್ಲಿ ಬರೋದು. ಇಲ್ಲಿ ಕೂತ್ಕಂಡು ಜೋಡಿಸೋರು. ಆಮೇಲೆ ನೋಡಿ, ನಾವೇ ಮಾಡೋಕೆ ಶುರು ಮಾಡಿದ್ವಿ."

ಇದನ್ನು ನಾನು ಬಹಳ ಸಲ ಗಮನಿಸಿದ್ದೇನೆ. ಕಥೆ ಕಷ್ಟದಲ್ಲಿರುವವರೆಗೆ 'ಅವರು' ಇರುತ್ತಿತ್ತು. ಸ್ಕೂಟರ್ ಹೊರಬಂದು ದೇಶವೆಲ್ಲ ಓಡತೊಡಗಿದ ಕೂಡಲೇ 'ನಾವು' ಬರುತ್ತಿತ್ತು. "ನಾವು ಇಂತಾ ಗಾಡಿ ಕೊಟ್ಟಿದ್ದಕ್ಕೇ ಮೇಷ್ಟ್ರೇ, ಗುಮಾಸ್ತನ ಹೆಂಡ್ತಿನೂ ಮೆರವಣಿಗೇಲಿ ಹೋದಂಗೆ ಸಿನಿಮಾಕ್ಕೆ ಹೋದಳು." ಮುಂದೆ ಬೈಕುಗಳು ಬಂದು ಸ್ಕೂಟರನ್ನು ಯಾರೂ ಕೇಳದಂತಾದ ಅಧ್ಯಾಯಕ್ಕೆ ಬಂದಾಗ ಮತ್ತೆ, "ಅವರು ಅಲ್ಲೇ ಎಡವಿದ್ದು" ಎಂದು ದೂರ ಸರಿದು ನಿಲ್ಲುತ್ತಿದ್ದರು.

ಆ ಕಾಲದಲ್ಲಿ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಇವರು ಮದುವೆಗೆ ಮೊದಲು ಬರೆಸಿದ್ದು, ಮಗಳು ಶಾಲೆಗೆ ಹೋಗುವಾಗ ಬಂತು. "ಹೆಣ್ಣು ಬೇಗ ಸಿಕ್ತು, ಸ್ಕೂಟರ್ ಸಿಗಲಿಲ್ಲ" ಎಂದು ಅವರು ಎಲ್ಲರ ಮುಂದೆ ಹೇಳುತ್ತಿದ್ದರು. ಅವರ ಹೆಂಡತಿ ಒಳಗಿನಿಂದ, "ಅದ್ಕೆ ಕಾಯ್ದಂಗೆ ನಂಗೆ ಕಾಯ್ದಿದ್ರೆ ನಾನೂ ಸ್ವಲ್ಪ ಬೆಲೆಬಾಳ್ತಿದ್ದೆ" ಎನ್ನುತ್ತಿದ್ದರು.

ಬೆಳಿಗ್ಗೆ ಅದನ್ನು ಹೊರಡಿಸುವುದು ಒಂದು ಪೂಜೆ. ಮೊದಲು ಬಟ್ಟೆಯಲ್ಲಿ ಒರೆಸುವುದು. ಆಮೇಲೆ ಹ್ಯಾಂಡಲ್ ಹಿಡಿದು ಇಡೀ ಗಾಡಿಯನ್ನು ಒಂದು ಪಕ್ಕಕ್ಕೆ ಬಗ್ಗಿಸಿ, ಪೆಟ್ರೋಲ್ ಇಳಿಯಲಿ ಎಂದು ಸ್ವಲ್ಪ ಹೊತ್ತು ಹಾಗೇ ಹಿಡಿದಿರುವುದು. ಆಮೇಲೆ ನೆಟ್ಟಗೆ ನಿಲ್ಲಿಸಿ ಒದೆಯುವುದು. ಆ ಸದ್ದಿಗೆ ನಮ್ಮ ಬೀದಿ ಏಳುತ್ತಿತ್ತು. ನಾನು ವ್ಯಾಯಾಮ ಮುಗಿಸಿ ಸ್ನಾನಕ್ಕೆ ಹೊರಡುತ್ತಿದ್ದದ್ದೂ ಆ ಸದ್ದು ಕೇಳಿದ ಮೇಲೆಯೇ. ಅವರು ಒದೆಯುವುದು ತಡವಾದರೆ ನನ್ನ ನೀರು ಆರುತ್ತಿತ್ತು.

ಎಚ್.ಡಿ. ಕೋಟೆ ದಾರಿಯಲ್ಲಿ ಅವರಿಗೆ ಒಮ್ಮೆ ಆನೆ ಎದುರಾಗಿತ್ತು. ಅವರ ಪ್ರಕಾರ, ಗಾಡಿ ನಿಲ್ಲಿಸಿ, ಇಳಿದು, ಒಂದು ಕಟ್ಟು ಊದುಬತ್ತಿ ಹಚ್ಚಿ ರಸ್ತೆಯಲ್ಲಿ ಸಿಕ್ಕಿಸಿದರು; ಆನೆ ಮೂಸಿ ನೋಡಿ, ಸೊಂಡಿಲೆತ್ತಿ, ಕಾಡಿಗೆ ಹೋಯಿತು. ಅವರ ಹೆಂಡತಿಯ ಪ್ರಕಾರ, ಆ ದಿನ ಮನೆಗೆ ಬಂದಾಗ ಬೆಂಕಿಪೊಟ್ಟಣದ ಕಡ್ಡಿಗಳೆಲ್ಲ ಗೀರಿ ಮುರಿದಿದ್ದವು, ಊದುಬತ್ತಿ ಒಂದೂ ಹೊತ್ತಿರಲಿಲ್ಲ. "ಆನೆಗೇ ಬೇಜಾರಾಗಿ ಹೋಗಿರ್ಬೇಕು" ಎಂದರು ಆಕೆ.

ಭಾನುವಾರ ಮಾತ್ರ ಪೆಟ್ಟಿಗೆಗಳು ಇಳಿಯುತ್ತಿದ್ದವು. ಆ ದಿನ ಹಿಂದಿನ ಸೀಟು ಹೆಂಡತಿಗೆ. ಇಬ್ಬರೂ ಚುಂಚನಕಟ್ಟೆಗೆ ಹೋಗುತ್ತಿದ್ದರು. ಅಲ್ಲಿ ಆಕೆಯ ಅಕ್ಕ ಇದ್ದರು. ಚಿಕ್ಕಂದಿನಲ್ಲೇ ತಾಯಿ ಹೋಗಿ, ಆಕೆಯನ್ನು ಎತ್ತಿ ಆಡಿಸಿ ಬೆಳೆಸಿದ್ದು ಆ ಅಕ್ಕನೇ. ಬಸ್ಸಿನಲ್ಲಿ ಯಾಕೆ ಹೋಗಬಾರದು ಎಂದು ನೀವು ಕೇಳಬಹುದು. ಬಸ್ಸು ಎಂದರೆ ಆಕೆಗೆ ವಾಂತಿ. ಬಸ್ ನಿಲ್ದಾಣದ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ಕಾರಾದರೆ ಊರು ದಾಟುವವರೆಗೆ ತಡೆಯುತ್ತಿತ್ತು, ಅಷ್ಟೆ. ನಿಂಬೆಹಣ್ಣು, ಶುಂಠಿ, ಮಾತ್ರೆ ಎಲ್ಲ ಆಗಿತ್ತು. ಮುಖಕ್ಕೆ ಗಾಳಿ ಬೀಸುವ ಸ್ಕೂಟರೊಂದೇ ಆಕೆಯನ್ನು ಅಕ್ಕನ ಮನೆಗೆ ಮುಟ್ಟಿಸಬಲ್ಲ ವಾಹನವಾಗಿತ್ತು.

ಹೀಗಿರುವಾಗ ಅವರ ಮಂಡಿ ಹೋಯಿತು. ವ್ಯಾಪಾರವನ್ನು ಅಳಿಯನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದರು. ಅದರ ಚಿಂತೆ ಇರಲಿಲ್ಲ. ಆದರೆ ಸ್ಕೂಟರ್ ಒದೆಯಲು ಕಾಲು ಏಳಲಿಲ್ಲ. ಅದೇ ಹೊತ್ತಿಗೆ ಚುಂಚನಕಟ್ಟೆಯ ಅಕ್ಕ ಬಚ್ಚಲಲ್ಲಿ ಬಿದ್ದು, ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಪ್ರತಿ ಭಾನುವಾರ ಫೋನ್ ಬರುತ್ತಿತ್ತು. ಅಕ್ಕನಿಗೆ ಕಿವಿ ಮಂದ. ಎರಡೂ ಕಡೆಯಿಂದ ಕೂಗಾಟ. ನಮ್ಮ ಮನೆಯ ಜಗಲಿಗೂ ಕೇಳುತ್ತಿತ್ತು.

"ಯಾವಾಗ ಬತ್ತೀಯವ್ವ?"

"ಬತ್ತೀನಿ ಕಣಕ್ಕ. ಬರೋ ವಾರ."

ಬರುವ ವಾರ ಬರುತ್ತಿತ್ತು, ಆಕೆ ಹೋಗುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ಆ ಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಜೋರಾಗುತ್ತಿತ್ತು.

ಕೊನೆಗೆ ಅವರು ಮನಸ್ಸು ಗಟ್ಟಿಮಾಡಿ ಹೊಸ ಸ್ಕೂಟರ್ ತರಲು ಹೊರಟರು. ಜೊತೆಗೆ ನನ್ನನ್ನು ಕರೆದುಕೊಂಡು ಹೋದರು. ಕಂಪನಿ ಅದೇ. ಬೇರೆ ಕಂಪನಿಯ ಹೆಸರನ್ನು ಆ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಗಾಡಿ ಚಿಕ್ಕದು, ಬಟನ್ ಒತ್ತಿದರೆ ಹೊರಡುವಂಥದ್ದು, ಗೇರಿಲ್ಲದ್ದು. ಅಂಗಡಿಯ ಹುಡುಗಿ ತುಂಬ ಮರ್ಯಾದೆಯಿಂದ ತೋರಿಸಿದಳು. ಇವರು ಮೊದಲು ಅವಳಿಗೆ ಕಂಪನಿಯ ಚರಿತ್ರೆ ಹೇಳಿದರು, ಹಡಗಿನಿಂದ ಹಿಡಿದು. ಅವಳು ನಿಂತೇ ಕೇಳಿದಳು. ಆಮೇಲೆ ಇವರು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಸ್ಟೆಪ್ನಿ ಎಲ್ಲಮ್ಮ?"

"ಇದ್ರಲ್ಲಿ ಸ್ಟೆಪ್ನಿ ಬರಲ್ಲ ಸಾರ್. ಟ್ಯೂಬ್‌ಲೆಸ್ ಟೈರು."

"ಟ್ಯೂಬೂ ಇಲ್ವ?"

"ಇಲ್ಲ ಸಾರ್."

"ಗೇರಿಲ್ಲ, ಸ್ಟೆಪ್ನಿ ಇಲ್ಲ, ಟ್ಯೂಬಿಲ್ಲ. ಮತ್ತೆ ಏನವ್ವ ಐತೆ ಇದ್ರಲ್ಲಿ?"

ಹುಡುಗಿ ಸ್ವಲ್ಪ ಯೋಚಿಸಿ, "ಮೊಬೈಲ್ ಚಾರ್ಜ್ ಮಾಡ್ಕೋಬೌದು ಸಾರ್" ಎಂದಳು.

ಅವರು ನನ್ನ ಕಡೆ ತಿರುಗಿದರು. ಆ ಮುಖದಲ್ಲಿ, ಒಳ್ಳೆಯ ಮನೆತನದ ಮೊಮ್ಮಗ ಕಿವಿಗೆ ಓಲೆ ಚುಚ್ಚಿಸಿಕೊಂಡು ಬಂದದ್ದನ್ನು ನೋಡಿದ ಅಜ್ಜನ ಭಾವ ಇತ್ತು. ಆದರೂ ಮೊಮ್ಮಗನಲ್ಲವೆ? ಕೊಂಡರು. ಬರುವಾಗ ಆಟೊದಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಗೇರಿಲ್ಲ ಅಂತ ಆ ಹುಡ್ಗಿ ಹೇಳ್ತಾಳೆ. ನಮ್ಮ ಕಂಪನಿ ಅಂಗೆ ಮಾಡಲ್ಲ ಮೇಷ್ಟ್ರೇ. ಇರ್ತದೆ. ತೋರಿಸ್ಕಳಲ್ಲ, ಅಷ್ಟೆ."

ಇಲ್ಲಿಂದ ಪಡಿಪಾಟಲು ಶುರುವಾಯಿತು. ಹಳೆಯ ಸ್ಕೂಟರಿನಲ್ಲಿ ಎಡಗೈಯಲ್ಲೇ ಎಲ್ಲ. ಎಡಗಡೆಯ ಹಿಡಿಕೆಯನ್ನು ಒತ್ತಿದರೆ ಕ್ಲಚ್, ಒತ್ತಿಕೊಂಡು ಹಿಡಿಯನ್ನು ತಿರುಗಿಸಿದರೆ ಗೇರು. ಹೊಸದರಲ್ಲಿ ಅದೇ ಜಾಗದಲ್ಲಿರುವುದು ಬ್ರೇಕು. ಅದೂ ಎರಡು ಚಕ್ರಕ್ಕೂ ಒಟ್ಟಿಗೆ ಹಿಡಿಯುವಂಥದ್ದು. ಅವರ ತಲೆಗೆ ಇದು ಗೊತ್ತಿತ್ತು. ಎಡಗೈಗೆ ಗೊತ್ತಿರಲಿಲ್ಲ. ಗಾಡಿ ಸ್ವಲ್ಪ ವೇಗ ಹಿಡಿದ ಕೂಡಲೇ ಕೈ ತಾನಾಗಿಯೇ ಕ್ಲಚ್ ಒತ್ತಿ ಸೆಕೆಂಡ್ ಗೇರಿಗೆ ಹಾಕುತ್ತಿತ್ತು. ಗಾಡಿ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ ಹೊರಟು ಥರ್ಡ್ ಹಾಕುತ್ತಿದ್ದರು. ಮತ್ತೆ ನಿಲ್ಲುತ್ತಿತ್ತು. ಲಕ್ಷ್ಮಣತೀರ್ಥದ ಸೇತುವೆಯ ಮೇಲೆ ಅವರು ಹೀಗೆ ನಿಂತಾಗಲೆಲ್ಲ ಮುಂದಕ್ಕೆ ಬಾಗುತ್ತ ಹೋಗುವುದನ್ನು ಹಿಂದಿನಿಂದ ನೋಡಿದವರು, ಇವರು ದಾರಿಯಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಮಾಡುತ್ತಿದ್ದಾರೆ ಎಂದುಕೊಂಡರು.

ಒಂದು ದಿನ ಎಡಗಡೆಯ ರಬ್ಬರ್ ಹಿಡಿ ಕೈಗೇ ಬಂತು. ಅದನ್ನು ಹಿಡಿದುಕೊಂಡು ಬೀದಿ ಮೂಲೆಯ ಮೆಕ್ಯಾನಿಕ್ ರಫೀಕನ ಹತ್ತಿರ ಹೋದರು.

"ಹೊಸ ಗಾಡಿ ಅಲ್ವೇನೋ, ಗೇರು ಬಿಗಿ ಇತ್ತು. ತಿರುಗಿಸ್ದೆ. ಬಂದ್ಬುಡ್ತು."

"ಸಾವ್ಕಾರ್ರೆ, ಇದು ಗೇರಲ್ಲ. ಬರೀ ರಬ್ಬರು."

"ಅಂಗಾರೆ ಗೇರು ಎಲ್ಲೈತೆ?"

"ಗೇರಿಲ್ಲ ಸಾವ್ಕಾರ್ರೆ. ಒಳಗಡೆ ಬೆಲ್ಟ್ ಐತೆ. ಅದೇ ಎಲ್ಲ ನೋಡ್ಕೊಳ್ತದೆ."

"ಬೆಲ್ಟ್ ಕಟ್ಟೋದು ಸೊಂಟಕ್ಕೆ ಕಣೋ" ಎಂದು ಹೇಳಿ, ರಬ್ಬರನ್ನು ಅಂಟು ಹಾಕಿಸಿಕೊಂಡು ಬಂದರು.

ಬೆಳಗಿನ ಪೂಜೆಯೂ ಬದಲಾಗಲಿಲ್ಲ. ಬಟನ್ ಒತ್ತಿದರೆ ಹೊರಡುವ ಗಾಡಿಯನ್ನು ಮೊದಲು ಪಕ್ಕಕ್ಕೆ ಬಗ್ಗಿಸಿ ಹಿಡಿಯುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ, ಹಳೆಯ ಗಾಡಿಗೆ ಹೇಳುತ್ತಿದ್ದಂತೆ, ಆಯಿಲ್ ಬೆರೆಸಲು ಹೇಳುತ್ತಿದ್ದರು. ಬೇಡ ಎಂದರೆ, "ನಿಮಗೆ ಗೊತ್ತಿಲ್ಲ ಬುಡಿ" ಎನ್ನುತ್ತಿದ್ದರು. ಎಡಕ್ಕೆ ವಾಲುವುದಂತೂ ಇದ್ದೇ ಇತ್ತು. ಈ ಗಾಡಿಯ ಭಾರ ನಡುಮಧ್ಯದಲ್ಲಿದೆ. ಅದು ಯಾವ ಪಕ್ಕಕ್ಕೂ ಎಳೆಯುವುದಿಲ್ಲ. ಇವರು ವಾಲಿದ ಕಡೆಗೆ ಅದು ಸುಮ್ಮನೆ ಹೋಗುತ್ತಿತ್ತು. ನಮ್ಮ ಬೀದಿಯ ಎಡಗಡೆಯ ಚರಂಡಿಗೆ ಆ ಗಾಡಿಯ ಪರಿಚಯ ಬಹಳ ಬೇಗ ಆಯಿತು.

ಅಂಥದರಲ್ಲಿ ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಚುಂಚನಕಟ್ಟೆಗೆ ಹೊರಟೇಬಿಟ್ಟರು. ಆಕೆ ಅಕ್ಕನಿಗೆ ಫೋನ್ ಮಾಡಿ, ಬರುತ್ತಿದ್ದೇನೆ ಎಂದು ಹೇಳಿದ್ದರು. ಮಡಿಲಲ್ಲಿ ಬೇಕರಿಯ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ. ಮುಂದಿನದನ್ನು ನಾನು ನೋಡಲಿಲ್ಲ, ಆಕೆಯ ಬಾಯಿಂದ ಕೇಳಿದ್ದು. ಸೇತುವೆ ದಾಟುವಷ್ಟರಲ್ಲಿ ಆಕೆಯ ಹಣೆ ಅವರ ಬೆನ್ನಿಗೆ ಸಾಕಷ್ಟು ಸಲ ಬಡಿದಿತ್ತು. ಊರಾಚೆ ಹುರುಳಿ ಕಟಾವಿನ ಕಾಲ. ನಮ್ಮ ಕಡೆ ರೈತರು ಹುರುಳಿ ಗಿಡಗಳನ್ನು ತಂದು ಟಾರು ರಸ್ತೆಯ ಮೇಲೆ ಹಾಸುತ್ತಾರೆ. ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಅದರ ಮೇಲೆ ಎಲ್ಲರೂ ಮೆಲ್ಲಗೆ, ಬ್ರೇಕು ಮುಟ್ಟದೆ ಹೋಗುತ್ತಾರೆ. ಇವರೂ ಮೆಲ್ಲಗೇ ಹೋದರು. ಮೆಲ್ಲಗೆ ಹೋಗಬೇಕಲ್ಲ ಎಂದು ಥರ್ಡ್‌ನಿಂದ ಸೆಕೆಂಡಿಗೆ ಇಳಿಸಿದರು.

ಇಬ್ಬರೂ ಹುರುಳಿಯ ಮೇಲೆ ಬಿದ್ದರು. ಮೆತ್ತಗಿತ್ತು. ಏನೂ ಆಗಲಿಲ್ಲ. ರಸ್ತೆ ಬದಿಯಲ್ಲಿ ಮೊರ ಹಿಡಿದು ನಿಂತಿದ್ದ ಹೆಂಗಸು ಬಂದು ಇಬ್ಬರನ್ನೂ ಎಬ್ಬಿಸಿ, ಮೈ ಕೊಡವಿ, ಕಾಳುಗಳನ್ನು ಆಯ್ದುಕೊಂಡು, "ಬಂದಿದ್ದು ಬಂದ್ರಿ, ಆ ಕಡೆ ತುದೀಲೂ ಒಂದ್ಸಲ ಬಿದ್ದೋಗಿ ಸಾಮಿ, ಅಲ್ಲಿನ್ನೂ ಒಕ್ಕಿಲ್ಲ" ಎಂದಳಂತೆ.

ಅವರ ಹೆಂಡತಿ ನಡೆದುಕೊಂಡೇ ಮನೆಗೆ ಬಂದರು. ತಲೆಯಲ್ಲಿ ಹುರುಳಿ ಹೊಟ್ಟು, ಕೈಯಲ್ಲಿ ಪುಡಿಯಾದ ಬಿಸ್ಕತ್ತು. ಅವರು ಹಿಂದೆ ಗಾಡಿ ತಳ್ಳಿಕೊಂಡು. ಗೇಟಿನಲ್ಲಿ ನಿಂತು ಆಕೆ ಹೇಳಿದ್ದು ಇಷ್ಟೇ: "ಇಲ್ದಿರೋ ಗೇರು ಹಾಕೋರ ಹಿಂದೆ ನಾನು ಇನ್ಮೇಲೆ ಕೂರಲ್ಲ."

ಆ ದಿನ ಸಂಜೆ ಫೋನ್ ಬಂತು. ಅಕ್ಕ, "ಬಾಗ್ಲು ತೆಕ್ಕಂಡೇ ಮಲಗಿದ್ದೆ ಕಣವ್ವ" ಎಂದದ್ದು ನಮಗೂ ಕೇಳಿಸಿತು.

ಮಾರನೆಯ ದಿನ ಬೆಳಿಗ್ಗೆ ಆಕೆ ನಮ್ಮ ಮನೆಯ ಮುಂದೆ ನಿಂತಿದ್ದರು. "ಮೇಷ್ಟ್ರೇ, ಊರಿನ ಮಕ್ಕಳಿಗೆಲ್ಲ ಡ್ರಿಲ್ ಕಲಿಸಿದೀರಿ. ನಂಗೆ ಆ ಗಾಡಿ ಕಲಿಸಿ."

ಸೈಕಲ್ ಕೂಡ ಮುಟ್ಟಿದವರಲ್ಲ. ವಯಸ್ಸು ನನ್ನ ಹೆಂಡತಿಯದೇ, ಮೊಮ್ಮಕ್ಕಳನ್ನು ಆಡಿಸುವಂಥದ್ದು. ನಾನು ಆಗಲಿ ಎಂದೆ. ಕಲಿಯುವವರು ಹೊತ್ತಿಗೆ ಸರಿಯಾಗಿ ಬಂದರೆ ಕಲಿಸುವುದು ಕಷ್ಟವಲ್ಲ, ಆಕೆ ಹೊತ್ತಿಗೆ ಮೊದಲೇ ಬರುತ್ತಿದ್ದರು. ಕಷ್ಟ ಬಂದದ್ದು ಇನ್ನೊಬ್ಬರಿಂದ.

"ಹಿಂದಿನ ಸೀಟು ಅಂತ ಕಂಪನಿ ಯಾಕೆ ಮಾಡೈತೆ?" ಎಂದು ಅವರು ನನ್ನನ್ನು ಕೇಳಿದರು. "ನಮ್ಮ ಕಂಪನಿ ಹಳೇ ಕ್ಯಾಲೆಂಡರ್ ತೆಗ್ದು ನೋಡಿ. ಗಂಡ ಮುಂದೆ, ಹೆಂಡ್ತಿ ಹಿಂದೆ, ನಡುವೆ ಮಗು. ಅದು ಸುಮ್ನೆ ಬರೆದ ಚಿತ್ರ ಅಲ್ಲ."

"ಅದು ಗೇರಿನ ಗಾಡಿಯ ಚಿತ್ರ" ಎಂದೆ.

ಆದರೂ ಗಾಡಿಯ ಕೀಲಿಯನ್ನು ದಿನಾ ಬೆಳಿಗ್ಗೆ ಅವರು ತಾವೇ ತಂದು, ತಾವೇ ತಿರುಗಿಸಿ, ಮೈದಾನದ ಅರಳಿಕಟ್ಟೆಯ ಮೇಲೆ ಕೂರುತ್ತಿದ್ದರು. ನಾನು ವಿಷಲ್ ತೆಗೆದುಕೊಂಡು ಹೋಗಿದ್ದೆ. ನಿಯಮ ಒಂದೇ: ವಿಷಲ್ ಕೇಳಿದರೆ ಬ್ರೇಕು. ಮಿಕ್ಕಿದ್ದೆಲ್ಲ ಆಮೇಲೆ. ಆಕೆ ಮೊದಲು ಕಾಲು ಎಳೆದುಕೊಂಡು, ಆಮೇಲೆ ಕಾಲೆತ್ತಿ, ನೇರವಾಗಿ ಹೋಗಲು ಕಲಿತರು. ವಾಲುತ್ತಿರಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಂದೆ. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ನೆಟ್ಟಗೆ ಕೂತಿದ್ದು ನೆನಪಿಲ್ಲ. ಕಟ್ಟೆಯಿಂದ ಮಾತ್ರ ಆದೇಶಗಳು ಬರುತ್ತಿದ್ದವು.

"ಸೆಕೆಂಡ್ ಹಾಕು, ಲೇ. ಎಂಜಿನ್ ಅಳ್ತಾ ಐತೆ."

"ಅಳ್ಲಿ ಬುಡಿ" ಎಂದು ಆಕೆ ಒಂದು ಸುತ್ತು ಮುಗಿಸುತ್ತಿದ್ದರು.

ಆಕೆಗೆ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಸಿಕ್ಕಿತು. ಇನ್ನು ಚುಂಚನಕಟ್ಟೆಗೆ ಹೋಗಬಹುದು. ಆಕೆ ಮತ್ತೆ ಅಕ್ಕನಿಗೆ ಭಾನುವಾರ ಎಂದು ಫೋನ್ ಮಾಡಿದರು. ಶನಿವಾರ ಸಂಜೆ ನಾನು ಗೇಟಿನ ಹತ್ತಿರ ಅವರನ್ನು ಕಂಡಾಗ, ಅವರು ಹೊಸ ಗಾಡಿಯ ಪಕ್ಕದಲ್ಲಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದರು. ಎಂದಿಗಿಂತ ಹೆಚ್ಚು ವಾಲಿದ್ದರು.

"ನಾಲ್ಕು ತಾಲ್ಲೂಕೂ ನನ್ನ ನೋಡಿರೋದು ಮುಂದಿನ ಸೀಟಲ್ಲಿ ಮೇಷ್ಟ್ರೇ" ಎಂದರು. "ಒಸಗ್ರಾರದಲ್ಲಿ ಅಂಗಡಿ ಅಂಗಡೀಲೂ ನಮ್ಮ ಊದುಬತ್ತಿ ಇರೋದು. ಆ ಬೀದೀಲಿ ಅವಳ ಸೆರಗು ಹಿಡ್ಕಂಡು ಹಿಂದೆ ಕೂತ್ಕಂಡು ಹೋಗ್ಲಾ? ನಾನು ಬರಲ್ಲ. ಅವಳು ಒಬ್ಳೇ ಹೋಗೋದೂ ಬ್ಯಾಡ."

ಹೊಸ ಅಗ್ರಹಾರ ದಾಟದೆ ನಮ್ಮ ಕಡೆಯಿಂದ ಚುಂಚನಕಟ್ಟೆಗೆ ಬೇರೆ ಒಳ್ಳೆಯ ರಸ್ತೆಯಿಲ್ಲ. ಒಳಗೆ ಆಕೆ ಹೊಸದಾಗಿ ತಂದ ಬಿಸ್ಕತ್ತನ್ನು ಡಬ್ಬಿಗೆ ತುಂಬುತ್ತಿದ್ದರು. ಅಕ್ಕನಿಗೆ ಈ ಸಲವೂ ಇಲ್ಲ ಎಂದು ಹೇಳಬೇಕಾಗಿ ಬಂದರೆ ಆಕೆ ಮತ್ತೆ ಯಾವತ್ತೂ 'ಬರುತ್ತೇನೆ' ಎಂದು ಹೇಳುವವರಲ್ಲ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೇ ಕೀಲಿ ಹಿಡಿದು ನಿಂತಿದ್ದರು.

ನಾನು ನಿಯಮದ ಮನುಷ್ಯ. ನಿಯಮವನ್ನೇ ಹೇಳಿದೆ. "ಎಲ್‌ಎಲ್ ಇರುವವರು ಒಬ್ಬರೇ ಓಡಿಸುವ ಹಾಗಿಲ್ಲ. ಪೂರ್ತಿ ಲೈಸೆನ್ಸ್ ಇರುವವರು ಹಿಂದೆ ಕೂತು ಹೇಳಿಕೊಡಬೇಕು. ಕಾನೂನು. ಹಿಂದೆ ಕೂತವರೇ ಜವಾಬ್ದಾರರು."

ಅವರು ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು.

"ಅಂದ್ರೆ ನಾನು ಸವಾರಿ ಹೋಗೋನಲ್ಲ. ಹೇಳ್ಕೊಡೋನು."

"ಹೌದು."

"ಅದನ್ನ ಮೊದ್ಲೇ ಹೇಳ್ಬಾರ್ದೇನ್ರೀ?"

ಭಾನುವಾರ ಬೆಳಿಗ್ಗೆ ಹೊರಟೆವು. ಗುರುಗಳ ಮೇಲೆ ಒಬ್ಬ ಗುರು ಇರಲಿ ಎಂದು ನಾನು ನನ್ನ ಬೈಕಿನಲ್ಲಿ ಜೊತೆಗೆ ಬರುತ್ತೇನೆಂದೆ. ಕೆಂಪು ಬಣ್ಣದಲ್ಲಿ 'ಎಲ್' ಎಂದು ಬರೆದ ರಟ್ಟನ್ನು ಗಾಡಿಯ ಹಿಂದೆ ಅಂಟಿಸಲು ಹೋದೆ. ಅವರು ಕೂತರೆ ಅವರ ಅಂಗಿಯ ಬಾಲ ಅದನ್ನು ಮುಚ್ಚುತ್ತಿತ್ತು. ಹಿಂದಿನವರಿಗೆ ಕಾಣಬೇಕು ಎನ್ನುವುದು ಇನ್ನೊಂದು ನಿಯಮ. ಕೊನೆಗೆ ಅವರ ಹೆಂಡತಿ ಸೆರಗಿನ ಪಿನ್ನು ತೆಗೆದು ಆ ರಟ್ಟನ್ನು ಅವರ ಅಂಗಿಯ ಬೆನ್ನಿಗೇ ಸಿಕ್ಕಿಸಿದರು. ಅವರು ಬೇಡ ಎನ್ನಲಿಲ್ಲ. ಬೆನ್ನಿನ ಮೇಲೆ ಏನಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ, ಅದೂ ಒಂದು ಕಾರಣ.

ಹೊಸ ಅಗ್ರಹಾರದವರೆಗೆ ಒಂದೇ ವೇಗ. ಎತ್ತಿನ ಗಾಡಿಯೊಂದನ್ನು ಹಿಂದೆ ಹಾಕಿದ್ದು ಬಿಟ್ಟರೆ ವಿಶೇಷವೇನೂ ಇಲ್ಲ. ಊರೊಳಗೆ ಬಸ್ಸೊಂದು ನಿಂತಿತ್ತು. ಜನ ಹತ್ತಿದರು, ಕಂಡಕ್ಟರ್ ವಿಷಲ್ ಊದಿದ. ಬಸ್ಸು ಹೊರಟಿತು. ಆಕೆ ನಡುರಸ್ತೆಯಲ್ಲಿ ನಿಂತುಬಿಟ್ಟರು. ವಿಷಲ್ ಕೇಳಿದರೆ ಬ್ರೇಕು, ನಿಯಮ ನನ್ನದೇ. ಹಿಂದಿನ ಆಟೊದವನು ಹಾರನ್ ಮೇಲೆ ಹಾರನ್ ಹೊಡೆದ. ಅಂಗಡಿಗಳವರೆಲ್ಲ ಹೊರಗೆ ಬಂದು ನೋಡಿದರು. ನೋಡಿದ್ದು ಏನು? ಹೆಂಡತಿಯ ಹಿಂದೆ ಕಂಪನಿಯವರು, ಕಂಪನಿಯವರ ಬೆನ್ನಲ್ಲಿ ಕೆಂಪು ಎಲ್.

"ಏನ್ ಸಾವ್ಕಾರ್ರೆ" ಎಂದು ದಿನಸಿ ಅಂಗಡಿಯವರು ಕೂಗಿದರು, "ಇಷ್ಟು ವರ್ಷ ಓಡಿಸಿ ಈಗ ಕಲೀತಿದೀರಾ?"

ನಾನು ಹೆದರಿದೆ. ಅವರು ಇಳಿದು ಅಲ್ಲಿಂದಲೇ ಹುಣಸೂರಿನ ಬಸ್ಸು ಹತ್ತುತ್ತಾರೆ ಎಂದುಕೊಂಡೆ. ಆಕೆಯ ಎರಡೂ ಕೈ ಬ್ರೇಕಿನ ಮೇಲೆ ಬಿಗಿದಿದ್ದವು. ಅವರು ಇಳಿದರೆ ಆಕೆ ಒಬ್ಬರೇ ಮುಂದೆ ಹೋಗುವ ಹಾಗಿಲ್ಲ, ಕಾನೂನು. ಅವರು ಅಂಗಡಿ ಬೀದಿಯನ್ನು ಒಂದು ಸಲ ಪೂರ್ತಿ ನೋಡಿದರು. ತಾವು ಊದುಬತ್ತಿ ಹಾಕಿದ ಒಂದೊಂದು ಬಾಗಿಲನ್ನೂ ನೋಡಿದರು.

"ನಾನು ಕಲಿಯೋದು ಏನೂ ಇಲ್ಲ ಕಣಯ್ಯ" ಎಂದರು. "ಇವಳಿಗೆ ಕಲಿಸ್ತಾ ಇವ್ನಿ. ವಿಷಲ್ ಊದಿದ್ರೆ ನಿಲ್ಬೇಕು. ನಿಂತವ್ಳೆ. ನಿಮ್ಮ ಆಟೊದವನ್ನ ನೋಡು, ಸುಮ್ನೆ ನಿಂತವ್ನಾ?" ಆಮೇಲೆ ಹೆಂಡತಿಯ ಭುಜ ತಟ್ಟಿ, "ಓಗು" ಎಂದರು.

ಆಕೆ ಹೋದರು.

ಮುಂದೆ ಕಾಲುವೆಯ ಸೇತುವೆ. ಅಲ್ಲಿ ಒಂದು ಏರು ಇದೆ, ದೊಡ್ಡದಲ್ಲ. ಹಳೆಯ ಸ್ಕೂಟರಿನಲ್ಲಿ ಅವರು ಪ್ರತಿ ಭಾನುವಾರ ಅಲ್ಲಿ ಗೇರು ಇಳಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ನಾನು ಪಕ್ಕದಲ್ಲೇ ಇದ್ದೆ. ಅವರ ಎಡಗೈ ತೊಡೆಯ ಮೇಲೆ ತಾನಾಗಿ ಮುಷ್ಟಿ ಕಟ್ಟಿ ತಿರುಗುತ್ತಿತ್ತು.

"ಏರು ಬಂತು. ಸೆಕೆಂಡಿಗೆ ಹಾಕು" ಎಂದರು.

ಈಗ ಆಕೆ ಹರಿಹಾಯುತ್ತಾರೆ ಎಂದು ನಾನು ಕಾಯ್ದೆ. ಹುರುಳಿ ಇನ್ನೂ ಆಕೆ ಮರೆತಿರಲಿಲ್ಲ. ಆಕೆ ತಲೆ ತಿರುಗಿಸದೆ, ಬೆನ್ನು ಬಗ್ಗಿಸದೆ, "ಹಾಕ್ದೆ ಕಣ್ರೀ" ಎಂದರು.

ಗಾಡಿ ಏರು ಹತ್ತಿತು. ಅದು ಹೇಗಿದ್ದರೂ ಹತ್ತುತ್ತಿತ್ತು.

"ಈಗ ಥರ್ಡ್."

"ಥರ್ಡ್ ಹಾಕ್ದೆ."

"ಟಾಪಿಗೆ ಹಾಕ್ಬುಡು ಇನ್ನ. ರಸ್ತೆ ನೆಟ್ಟಗೈತೆ."

"ಹಾಕ್ದೆ."

ಅವರು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಒರಗಿದರು. ಮುಷ್ಟಿ ಬಿಚ್ಚಿತು. ಕಾಲುವೆಯ ಆಚೆ ಭತ್ತದ ಗದ್ದೆಗಳು ಹಸಿರಾಗಿದ್ದವು. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನೋಡುತ್ತ ಬಂದರು. "ಇಲ್ಲೊಂದು ಗುಡಿ ಐತಲ್ಲ ಮೇಷ್ಟ್ರೇ, ನಾನು ನೋಡೇ ಇರಲಿಲ್ಲ" ಎಂದರು. ಅಷ್ಟು ವರ್ಷ ಆ ದಾರಿಯಲ್ಲಿ ಅವರು ರಸ್ತೆಯನ್ನು ಬಿಟ್ಟು ಬೇರೇನೂ ನೋಡಿರಲಿಲ್ಲ.

ಚುಂಚನಕಟ್ಟೆಯಲ್ಲಿ ಅಕ್ಕನ ಮಂಚವನ್ನು ನಡುಮನೆಗೆ ತಂದು ಬಾಗಿಲಿಗೆ ಮುಖಮಾಡಿ ಹಾಕಿದ್ದರು. ಸ್ಕೂಟರ್ ಬಂದು ನಿಂತದ್ದು ಆ ಮುದುಕಿಗೆ ಕಂಡಿತು. ತಂಗಿ ಇಳಿದು ಓಡಿಹೋಗಿ ಮಂಚದ ಅಂಚಿಗೆ ಕೂತರು. ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ನಾನು ಬೈಕಿಗೆ ಸ್ಟ್ಯಾಂಡ್ ಹಾಕುವ ಕೆಲಸವನ್ನು ನಿಧಾನವಾಗಿ ಮಾಡಿದೆ. ಅವರು ಅಂಗಳದಲ್ಲಿ ಗಾಡಿಯ ಪಕ್ಕ ನಿಂತಿದ್ದರು. ಒಳಗೆ ಹೋಗಲು ಏನೋ ಸಂಕೋಚ.

ಅಕ್ಕ ಕಣ್ಣೊರೆಸಿಕೊಂಡು, ಕಿವಿ ಮಂದವಾದವರು ಕೇಳುವ ಹಾಗೆ ಊರಿಗೆಲ್ಲ ಕೇಳಿಸುವಂತೆ ಕೇಳಿದರು:

"ಯಾರವ್ವ ಗಾಡಿ ಓಡಿಸ್ಕಂಡು ಬಂದಿದ್ದು? ನೀನಾ, ಅವರಾ?"

ಆಕೆ ಅಂಗಳದ ಕಡೆ ಒಮ್ಮೆ ನೋಡಿ, ಅಕ್ಕನ ಕಿವಿಗೆ ಬಗ್ಗಿ, ಅಷ್ಟೇ ಜೋರಾಗಿ ಹೇಳಿದರು:

"ಇಬ್ರೂ ಕಣಕ್ಕ. ಹ್ಯಾಂಡಲ್ ನಂದು, ಗೇರು ಅವರದು."